ಅರಸನ ನಿಜವಾದ ಮುಖ

ಬಹಳ ಹಿಂದೆ, ಏಳು ಬೆಟ್ಟಗಳ ಆಚೆ, ಮಾಣಿಕ್ಯಾವತಿ ಎಂಬ ರಾಜ್ಯವಿತ್ತು. ಅದರ ಅರಸ ಹೇಮಸೇನ ನೂರು ವರ್ಷ ಆಳಿದರೂ ಇಪ್ಪತ್ತೈದರ ತರುಣನಂತಿದ್ದ. ಅದು ಮಂತ್ರವಾದಿ ಕರಾಳನ ಕೈವಾಡ. ಮನೆಮನೆಯ ಗೋಡೆಯ ಮೇಲೂ ಅರಸನ ಚಿತ್ರ ಇರಲೇಬೇಕೆಂದು ಅಪ್ಪಣೆಯಿತ್ತು. ಆ ಚಿತ್ರ ಮನೆಯವರ ಪ್ರಾಯ ಹೀರಿ ಅರಸನಿಗೆ ಕೊಡುತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ಗೋಡೆಯಿಂದ ಚಿತ್ರ ತೆಗೆದವರ ತಲೆ ಉಳಿಯುತ್ತಿರಲಿಲ್ಲ.

ಆ ಚಿತ್ರಗಳನ್ನು ಬರೆಯುತ್ತಿದ್ದವಳು ಆಸ್ಥಾನದ ಚಿತ್ರಗಾರ್ತಿ ಸೋಮಲೆ. ಮೂವತ್ತೈದಕ್ಕೇ ಅವಳ ಬೆನ್ನು ಬಾಗಿ, ತಲೆ ಪೂರಾ ನರೆತಿತ್ತು.

"ಅವ್ವಾ, ಗೊತ್ತಿದ್ದೂ ಯಾಕೆ ಬರೆದೆ?" ಎಂದು ಮಗಳು ಜಕ್ಕವ್ವೆ ಕೇಳಿದಳು.

"ನೀನು ತೊಟ್ಟಿಲಲ್ಲಿದ್ದೆ. ಬರೆಯದಿದ್ದರೆ ನಿನ್ನನ್ನು ಕೊಲ್ಲುತ್ತೇನೆ ಅಂದಿದ್ದ ಕರಾಳ. ಈಗ ಕೇಳು. ಅರಸನ ನಿಜವಾದ ಮುಖ ಬರೆದು ಅವನಿಗೇ ತೋರಿಸಿದರೆ ಮಾಯೆ ಹರಿಯುತ್ತದೆ. ಅದಕ್ಕೆ ಮಾಯೆಯ ಮೂರು ಬಣ್ಣ ಬೇಕು, ಮಗಳೇ."

ಜಕ್ಕವ್ವೆ ಹೊರಟಳು. ಕಪ್ಪು ಬಣ್ಣ ಏಳು ಹೆಡೆಯ ಹಾವಿನ ಬಳಿಯಿತ್ತು. "ಯಾರಿಗಾಗಿ?" ಎಂದಿತು ಹಾವು. "ಅವ್ವನಿಗಾಗಿ" ಎಂದಳು. ಕೊಟ್ಟಿತು. ಕೆಂಪು ಬಣ್ಣ ಬೆಂಕಿಯುಗುಳುವ ಹುಲಿಯ ಬಳಿಯಿತ್ತು. "ಯಾರಿಗಾಗಿ?" "ಅವ್ವನಿಗಾಗಿ." ಹುಲಿ ಅವಳ ಭುಜ ಪರಚಿಯೇ ಕೊಟ್ಟಿತು. ಬಿಳಿ ಬಣ್ಣಕ್ಕೆಂದು ಬೆಟ್ಟದ ಹದ್ದಿನ ಬಳಿ ಹೋದಾಗ ಅದು ತಲೆಯಾಡಿಸಿತು.

"ನನ್ನ ಹತ್ತಿರ ಇಲ್ಲ ಕೂಸೇ. ನಿನ್ನ ಅವ್ವನ ನರೆಗೂದಲು ಸುಟ್ಟ ಬೂದಿಯೇ ಆ ಬಿಳಿ. ಸುಟ್ಟರೆ ಅವಳ ಜೀವವೂ ಹೋಗುತ್ತದೆ."

ಜಕ್ಕವ್ವೆ ಮನೆಗೆ ಬಂದು, "ಬಿಳಿ ಎಲ್ಲೂ ಸಿಗಲಿಲ್ಲ ಅವ್ವಾ, ಬಿಟ್ಟುಬಿಡೋಣ" ಎಂದಳು. ಮಗಳ ಕಣ್ಣು ತನ್ನ ನರೆಗೂದಲಿನ ಮೇಲೆಯೇ ನಿಂತದ್ದನ್ನು ಸೋಮಲೆ ನೋಡಿದಳು. "ಆಗಲಿ. ಬಾಯಾರಿಕೆ, ಬಾವಿಯಿಂದ ಒಂದು ಕೊಡ ನೀರು ತಾ" ಎಂದಳು.

ಜಕ್ಕವ್ವೆ ನೀರು ತರುವಷ್ಟರಲ್ಲಿ ಒಲೆಯ ಮುಂದೆ ಕತ್ತರಿ ಬಿದ್ದಿತ್ತು. ಅವ್ವನ ಬೋಳುತಲೆ ಗೋಡೆಗೆ ಒರಗಿತ್ತು. ಮುಷ್ಟಿಯಲ್ಲಿ ಬಿಳಿ ಬೂದಿಯಿತ್ತು. ಉಸಿರಿರಲಿಲ್ಲ.

ಅವ್ವನಿಂದ ಕಲಿತ ಕೈಯಲ್ಲಿ ಜಕ್ಕವ್ವೆ ನೂರು ದಾಟಿದ ಅರಸನ ಮುಖವನ್ನು ಅಳುತ್ತಲೇ ಬರೆದಳು. ತುಂಬಿದ ಸಭೆಯಲ್ಲಿ ಚಿತ್ರದ ಮೇಲಿನ ಬಟ್ಟೆ ಸರಿಸಿದಳು.

"ಯಾರು ಈ ಹಲ್ಲಿಲ್ಲದ ಮುದುಕ?" ಎಂದು ಅರಸ ನಕ್ಕ.

"ತಾವೇ, ಪ್ರಭು."

ಅರಸನ ನಗು ನಿಂತಿತು. ಮುಖ ಸುಕ್ಕುಗಟ್ಟಿತು, ಮೈ ಮಣ್ಣಾಗಿ ಉದುರಿತು. ಕರಾಳ ಹೊಗೆಯಾಗಿ ಹೋದ. ಊರಿನ ಚಿತ್ರಗಳೆಲ್ಲ ಅಳಿಸಿಹೋದವು. ಕೋಲೂರಿ ನಡೆಯುತ್ತಿದ್ದವರು ಬೀದಿಯಲ್ಲಿ ಓಡಿದರು, ಬೊಚ್ಚುಬಾಯಿಗಳಲ್ಲಿ ಹಲ್ಲು ಮೂಡಿದವು. ಅಂದಿನಿಂದ ಮಾಣಿಕ್ಯಾವತಿಯ ಜನ ಸುಖವಾಗಿ ಬಾಳಿದರು.

ಜಕ್ಕವ್ವೆಗೆ ಅವ್ವನ ಚಿತ್ರ ಬರೆಯುವ ಆಸೆಯಾಯಿತು. ಅವಳು ಕಂಡಿದ್ದು ಸುಕ್ಕುಬಿದ್ದ ಮುಖವನ್ನಷ್ಟೇ. ಪ್ರಾಯ ಮರಳಿ ಪಡೆದ ನೆರೆಯವಳನ್ನು ಕೇಳಿದಳು: "ಅಕ್ಕಾ, ನಮ್ಮವ್ವ ಪ್ರಾಯದಲ್ಲಿ ಹೇಗಿದ್ದಳು?"

ನೆರೆಯವಳು ತಲೆ ತಗ್ಗಿಸಿದಳು. "ನೆನಪಿಲ್ಲ ತಂಗಿ. ಅರಸನ ಚಿತ್ರ ಬರೆಯುವವಳು ಅಂತ ನಾವು ಯಾರೂ ಅವಳ ಮುಖ ನೋಡುತ್ತಿರಲಿಲ್ಲ."