ಕವಲಂದೆಯ ಇಬ್ಬರು ಕಾಂತರಾಜು

ಬಿಳಿ ಜೀಪು ನನ್ನ ಬೈಕಿಗೆ ಅಡ್ಡ ಬಂತು!

ಹದಿನಾರು ಅನ್ನುವ ಊರು ದಾಟಿ ಎರಡು ಕಿಲೋಮೀಟರ್ ಆಗಿತ್ತಷ್ಟೆ. ಬ್ರೇಕ್ ಒತ್ತಿದೆ. ಬೈಕ್ ಜಾರಿತು. ಕಬ್ಬಿನ ಗದ್ದೆಯ ಬದುವಿಗೆ ಹೋಗಿ ಬಿದ್ದೆ.

ಬ್ಯಾಗನ್ನು ಮಾತ್ರ ಬಿಡಲಿಲ್ಲ...

"ಬ್ಯಾಗ್ ಕೊಡ್ಲಾ!"

ಇಳಿದವನು ಒಬ್ಬನೇ. ಬಿಳಿ ಅಂಗಿ, ಹಣೆಗೆ ವಿಭೂತಿ. ಕೈಯಲ್ಲಿ ಮಚ್ಚು. ಮಚ್ಚು ಹಿಡಿದ ಆ ಬಲಗೈಯಲ್ಲಿ ಕಿರುಬೆರಳಿರಲಿಲ್ಲ.

ನಾನು ಹುಡುಕುತ್ತಿದ್ದವನೇ ನನ್ನನ್ನು ಹುಡುಕಿಕೊಂಡು ಬಂದಿದ್ದ!

ಕೇಳಿ. ನಾನು ನಾಗೇಂದ್ರ. ಮೊದಲು ಪೊಲೀಸ್ ಕಾನ್‌ಸ್ಟೇಬಲ್. ಈಗ ಲಾಯರ್ ಶಾಲಿನಿ ಮೇಡಮ್ಮಿಗೆ ಸಾಕ್ಷಿ, ದಾಖಲೆ ಹುಡುಕಿ ಕೊಡುವವನು. ನಮ್ಮ ಕಕ್ಷಿದಾರ ಕವಲಂದೆಯ ಕಾಂತರಾಜು, ತಂದೆ ಶಿವಣ್ಣ. ಮನೆಯೊಂದಕ್ಕೆ ನುಗ್ಗಿ ಕದ್ದಿದ್ದ. ಕದ್ದದ್ದು ನಿಜ. ತಪ್ಪಿತಸ್ಥ ಅಂತ ನಂಜನಗೂಡಿನ ಕೋರ್ಟು ಹೇಳಿಯೂ ಆಗಿತ್ತು. ಶಿಕ್ಷೆ ಎಷ್ಟು ಅನ್ನುವುದು ಅವತ್ತು ಮೂರು ಗಂಟೆಗೆ.

ತೊಡಕು ಅಲ್ಲೇ. ಹದಿನೆಂಟು ವರ್ಷದ ಹಿಂದೆ ಟಿ. ನರಸೀಪುರದಲ್ಲಿ ಒಬ್ಬ ಕಾಂತರಾಜುವಿಗೆ ಕಳ್ಳತನಕ್ಕೇ ಶಿಕ್ಷೆಯಾಗಿತ್ತು. ತಂದೆ ಶಿವಣ್ಣ. ಊರು ಕವಲಂದೆ. ಆ ತೀರ್ಪನ್ನು ಪೊಲೀಸರು ನಮ್ಮವನ ತಲೆಗೆ ಕಟ್ಟಿದ್ದರು. ಹಳೇ ಶಿಕ್ಷೆ ಇದ್ದವನಿಗೆ ಹತ್ತು ವರ್ಷ ಬಿದ್ದರೂ ಬಿತ್ತು!

ನನ್ನ ಬ್ಯಾಗಿನಲ್ಲಿದ್ದದ್ದು ಆ ಹಳೇ ಕೈದಿಯ ಗುರುತಿನ ಹಾಳೆಯ ಸರ್ಟಿಫೈಡ್ ಕಾಪಿ. 'ಬಲಗೈ ಕಿರುಬೆರಳಿಲ್ಲ.' ನಮ್ಮವನಿಗೆ ಹತ್ತೂ ಬೆರಳಿವೆ. ಕಾಪಿಗೆ ಅರ್ಜಿ ಹಾಕಿದ ಸುದ್ದಿ ಹೇಗೋ ಇವನ ಕಿವಿಗೆ ಬಿದ್ದಿತ್ತು.

"ಕಡಿ," ಅಂದೆ. "ಹಳೇದರ ಜೊತೆ ಹೊಸ ಕೇಸೂ ಸೇರಲಿ."

ಅವನು ಮಚ್ಚು ಕೆಳಗಿಳಿಸಿದ.

"ಸಾ... ನರಸೀಪುರ್ದಲ್ಲಿ ಮಿಲ್ ಮಡಗಿವ್ನಿ. ಭಾನ್ವಾರ ಮಗಳು ಲಿಖಿತಂಗೆ ನಿಶ್ಚಿತಾರ್ಥ. ಗಂಡಿನೋರ್ಗೆ ಗೊತ್ತಾದ್ರೆ ಒಂಟೋಯ್ತಾರೆ. ಒಂದ್ ದಪ ತಪ್ ಮಾಡ್ದೆ, ಒಳಗಿದ್ದು ಬಂದೆ. ಇನ್ನೆಷ್ಟ್ ದಪ ಸಾ?"

ನಾನು ಬ್ಯಾಗನ್ನು ಎದೆಗೆ ಅವಚಿಕೊಂಡು ಎದ್ದೆ.

"ನಮ್ಮ ಕಕ್ಷಿದಾರ ಮಾಡಿದ್ದಕ್ಕೆ ಅವನು ಒಳಗಿರಲಿ. ನೀನು ಮಾಡಿದ್ದಕ್ಕೂ ಅವನೇ ಇರಬೇಕಾ?"

ಅಷ್ಟರಲ್ಲಿ ಕಬ್ಬಿನ ಟ್ರ್ಯಾಕ್ಟರ್ ಬಂದು ಹಾರ್ನ್ ಹೊಡೆಯಿತು. ಅವನು ತಿರುಗಿ ನೋಡಿದ. ನಾನು ಬೈಕ್ ಎತ್ತಿದೆ!

ಹಿಂದೆಯೇ ಜೀಪು. ನಾಲೆಯ ಏರಿಗೆ ಹತ್ತಿದೆ. ಅಲ್ಲೂ ಬಂತು! ಮುಂದೆ ಕಿರುಸೇತುವೆ. ನಾನು ದಾಟಿದೆ. ಜೀಪಿಗೆ ಅಲ್ಲಿ ಜಾಗವಿರಲಿಲ್ಲ.

ಕೋರ್ಟು ಮುಟ್ಟಿದಾಗ ಎರಡು ಐವತ್ತೆಂಟು. ಪ್ಯಾಂಟಿನ ಮಂಡಿ ರಕ್ತ.

ಮೇಡಮ್ ಹಾಳೆ ಕೊಟ್ಟರು. ಜಡ್ಜ್ ಕಟಕಟೆಯತ್ತ ನೋಡಿದರು.

"ಕೈ ತೋರಿಸಪ್ಪ."

ಹತ್ತು ಬೆರಳು.

ಸರ್ಕಾರಿ ವಕೀಲರು ಎದ್ದರು. "ಹೆಸರು, ತಂದೆ, ಊರು ಎಲ್ಲಾ ಒಂದೇ ಸ್ವಾಮಿ. ಹಾಳೆಯಲ್ಲೇ ತಪ್ಪು ಬರೆದಿರಬಹುದು!"

ಜಡ್ಜ್ ಕನ್ನಡಕ ತೆಗೆದರು. "ಹಾಗಾದರೆ ಆ ಇನ್ನೊಬ್ಬ ಎಲ್ಲಿ?"

ಮೇಡಮ್ ನನ್ನ ಮುಖ ನೋಡಿದರು. ಮಿಲ್ಲಿನ ಸುದ್ದಿ ಹೇಳಲು ನಾನು ಬಾಯಿ ತೆರೆದೆ.

"ಇಲ್ಲಿವ್ನಿ ಸ್ವಾಮಿ. ನಾ ಮಾಡಿದ್ಕೆ ಅವ್ನ್ಯಾಕ್ ಒಳಗಿರ್ಬೇಕು?"

ಬಾಗಿಲಲ್ಲಿ ಬಿಳಿ ಅಂಗಿ. ಮಚ್ಚಿರಲಿಲ್ಲ. ಬಲಗೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಿದ್ದ!

ಜಡ್ಜ್ ಅವನ ಹೇಳಿಕೆ ಬರೆಸಿಕೊಂಡರು. ಹಳೇ ಶಿಕ್ಷೆ ನಮ್ಮವನದಲ್ಲ ಎಂದರು. ಎರಡು ವರ್ಷ ಕೊಟ್ಟರು.

ಹೊರಗೆ ಮೆಟ್ಟಿಲ ಮೇಲೆ ಮಿಲ್ಲಿನ ಕಾಂತರಾಜು ಫೋನ್ ಹಿಡಿದು ಕೂತಿದ್ದ. "ಲಿಖಿತಾ, ನಿಂಗೊಂದ್ ಇಸ್ಯ ಏಳ್ಬೇಕು ಕಣವ್ವ..." ಗಂಡಿನ ತಂದೆ ಆಮೇಲೆ ಕೂಗಾಡಿದರಂತೆ. ಹುಡುಗ ಮಾತ್ರ ಮದುವೆಯ ಮಾತಿನಿಂದ ಕದಲಲಿಲ್ಲವಂತೆ.

ಪೊಲೀಸರು ನಮ್ಮವನನ್ನು ಕರೆದುಕೊಂಡು ಹೊರಟರು. ಅವನು ನನ್ನ ಮುಂದೆ ನಿಂತು ಮುಖ ಗಂಟಿಕ್ಕಿದ.

"ಎಲ್ಡ್ ವರ್ಸವಾ ಸಾ? ಬುಡುಸ್ತೀರಾ ಅನ್ಕಂಡಿದ್ನಲ್ಲ!"

ಹತ್ತರಲ್ಲಿ ಎಂಟು ವರ್ಷ ಕದ್ದು ತಂದುಕೊಟ್ಟಿದ್ದೆ... ಕಳ್ಳನಿಗೆ ಅದೂ ಸಾಲಲಿಲ್ಲ!