ಗೂನು ಟಿವಿಯ ಸಾವು

ಧರ್ಮೇಶನಿಗೆ ತನ್ನ ಮನೆಯ ಟಿವಿಯನ್ನು ಕೊಂದೇಬಿಡಬೇಕೆನ್ನುವಷ್ಟು ಸಿಟ್ಟು ಹುಟ್ಟಿದ್ದು ಭಾವ ಮಲ್ಲೇಶಪ್ಪನ ಒಂದು ಮಾತಿನಿಂದ. ಎನ್.ಆರ್.ಪುರದಿಂದ ಕೊಪ್ಪಕ್ಕೆ ಬಂದಿದ್ದ ಭಾವ ಹಜಾರದಲ್ಲಿ ಕಾಲು ಚಾಚಿ ಕೂತು, "ಇನ್ನೂ ಈ ಗೂನು ಬೆನ್ನಿಂದೇ ಇದ್ಯನಾ? ನಮ್ಮನೇಲೀಗ ಗೋಡೆಗೆ ನೇತು ಹಾಕೋದು ಮಾರಾಯ, ಕ್ಯಾಲೆಂಡರ್ ಥರ" ಅಂದಿದ್ದ. ಅವನದು ಮೂವತ್ತೆರಡು ಇಂಚು. ಧರ್ಮೇಶ ಅಲ್ಲೇ, ಕಾಫಿ ಲೋಟ ಕೆಳಗಿಡುವ ಮೊದಲೇ, ನಲವತ್ತೆರಡು ಎಂದು ತೀರ್ಮಾನಿಸಿದ.

ಆಯ್ಕೆಯಲ್ಲಿ ಅವನು ದುಡುಕಲಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರದ ಅಬ್ದುಲ್ ಸತ್ತಾರರ ಅಂಗಡಿಯಲ್ಲಿ ಪ್ಲಾಸ್ಮಾವನ್ನೂ ಎಲ್‌ಸಿಡಿಯನ್ನೂ ಎದುರಿನಿಂದ ನೋಡಿದ, ಬದಿಯಿಂದ ನೋಡಿದ, ಮನೆಯ ಸೋಫಾದ ಎತ್ತರಕ್ಕೆ ಸರಿಯಾಗಿ ಕುಕ್ಕರುಗಾಲಲ್ಲಿ ಕೂತು ನೋಡಿದ. "ಹೆಣ್ಣು ನೋಡ್ಲಿಕ್ಕೆ ಹೋದಾಗ್ಲೂ ನೀವು ಇಷ್ಟು ನೋಡಿರ್ಲಿಕ್ಕಿಲ್ಲ" ಎಂದು ಸತ್ತಾರ್ ನಕ್ಕರು. ಮನೆಗೆ ಬಂದು ಹಳೆಯ ಪೇಪರಿನ ಹಾಳೆಗಳನ್ನು ಅದೇ ಅಳತೆಗೆ ಜೋಡಿಸಿ ಗೋಡೆಗೆ ಅಂಟಿಸಿದ. ಹೆಂಡತಿ ಭವ್ಯ, "ಇದೇ ಚೆನ್ನಾಗದೆ, ಕರೆಂಟೂ ಬೇಡ" ಎಂದಳು.

ಅಡ್ಡಿ ಒಂದೇ. ಮನೆಯ ದುಡ್ಡೂ ಕೊನೆಯ ಮಾತೂ ಅಮ್ಮ ವಸಂತಮ್ಮನ ಕೈಯಲ್ಲಿದ್ದವು. "ನಡೀತಿರೋದನ್ನ ಯಾರಾದ್ರೂ ಹೊರಗೆ ಹಾಕ್ತಾರನಾ? ಅದು ಕೆಡ್ಲಿ, ಮಾರನೇ ದಿನವೇ ತರನ." ಆದರೆ ಆ ಟಿವಿ ಕೆಡುವ ಜಾತಿಯದಲ್ಲ. ಬಣ್ಣ ಮಾಸಿದಾಗ ತಲೆಗೊಂದು ಏಟು ಕೊಟ್ಟರೆ ಸಾಕು, ಮತ್ತೆ ಕಳೆಗಟ್ಟುತ್ತಿತ್ತು.

ಹಾಗಾಗಿ ಸಾವು ಸಹಜವಾಗಿ ಕಾಣಬೇಕಿತ್ತು. ಬಿದ್ದು ಒಡೆಯಿತೆಂದರೆ ಬೀಳಿಸಿದ್ದು ಯಾರು ಎಂಬ ಪ್ರಶ್ನೆ ಬರುತ್ತದೆ. ಇಲಿ ಕಡಿಯಿತೆಂದರೆ ಅಮ್ಮ ಬೋನು ತರುತ್ತಾಳೆ, ಟಿವಿ ತರುವುದಿಲ್ಲ. ಸಿಡಿಲೊಂದನ್ನೇ ಯಾರೂ ಕರೆದು ವಿಚಾರಿಸುವುದಿಲ್ಲ. ಮೇಲಾಗಿ ಊರಿಗೆ ಊರೇ ಅದಕ್ಕೆ ಸಾಕ್ಷಿ. ತನ್ನ ಬುದ್ಧಿಗೆ ತಾನೇ ಬೆರಗಾಗಿ ಧರ್ಮೇಶ ಮೇ ತಿಂಗಳಿಗೆ ಕಾದ.

ಅಮ್ಮನೂ ಭವ್ಯಳೂ ಮೆಣಸೆಯ ಗೃಹಪ್ರವೇಶಕ್ಕೆ ಹೋಗಿದ್ದ ಮಧ್ಯಾಹ್ನ ಆಕಾಶ ಕಪ್ಪಿಟ್ಟು ಗುಡುಗಿತು. ಧರ್ಮೇಶ ಟಿವಿಯ ಬೆನ್ನು ಬಿಚ್ಚಿದ. ಒಳಗೆ ವರ್ಷಗಳ ಧೂಳು. ಧೂಳು ಒರೆಸಿದ್ದು ಕಂಡರೆ ಅನುಮಾನ ಬಂದೀತೆಂದು ಅದನ್ನು ಕಾಗದದಲ್ಲಿ ಜೋಪಾನವಾಗಿ ತೆಗೆದಿಟ್ಟ. ಸ್ಕ್ರೂಡ್ರೈವರನ್ನು ಗ್ಯಾಸ್ ಒಲೆಯಲ್ಲಿ ಕೆಂಪಗೆ ಕಾಯಿಸಿ ಒಳಗಿನ ಸರ್ಕ್ಯೂಟ್ ಹಲಗೆಯನ್ನು ಅಲ್ಲಲ್ಲಿ ಸುಟ್ಟ. ಆಮೇಲೆ ಧೂಳನ್ನು ಮೆಲ್ಲಗೆ ಊದಿ ಅದರ ಜಾಗಕ್ಕೇ ಕಳಿಸಿದ. ಸುಟ್ಟ ವಾಸನೆ ಮನೆಯಲ್ಲೇ ಉಳಿಯಲೆಂದು ಕಿಟಕಿ ಮುಚ್ಚಿದ.

ಸಂಜೆ ಬಂದ ಅಮ್ಮ ಬಾಗಿಲಲ್ಲೇ ಮೂಗು ಮುಚ್ಚಿಕೊಂಡಳು. ತೀರಿಕೊಂಡ ಗಂಡ ತಂದಿದ್ದ ಟಿವಿ. ಕಣ್ಣೊರೆಸಿಕೊಂಡು ಅದರ ಮೇಲೊಂದು ಬಿಳಿ ಪಂಚೆ ಹೊದಿಸಿದಳು. "ಹೋದ್ರೆ ಹೋಗ್ಲಿ, ನಿಂಗೇನೂ ಆಗ್ಲಿಲ್ವಲ್ಲ ಮಗಾ" ಎಂದು ಅವನ ತಲೆ ಸವರಿದಳು. ನಿಜ ಹೇಳಿಬಿಡಲು ಧರ್ಮೇಶ ಬಾಯಿ ತೆರೆದ. ನಲವತ್ತೆರಡು ಇಂಚನ್ನು ನೆನೆದು ಸುಧಾರಿಸಿಕೊಂಡ.

ಅಮ್ಮ ಮಾತಿಗೆ ತಪ್ಪಲಿಲ್ಲ. ಮಾರನೇ ದಿನ ಸತ್ತಾರ್ ಗೂಡ್ಸ್ ಆಟೋದಲ್ಲಿ ದೊಡ್ಡ ಡಬ್ಬದೊಂದಿಗೆ ಬಂದಿಳಿದರು. ಅಷ್ಟರಲ್ಲಿ ಧರ್ಮೇಶನ ಸಿಡಿಲು ನೆರೆಮನೆಗಳನ್ನೆಲ್ಲ ಸುತ್ತಿ ಬಂದು ಇನ್ನಷ್ಟು ಬೆಳೆದಿತ್ತು. "ನಾನು ನೋಡ್ತಾ ಕೂತಿದ್ದೆ ಸಾಹೇಬ್ರೆ. ವೈರಲ್ಲೇ ಬಂತು, ನೀಲಿ ಬೆಂಕಿ, ಹಾವಿನ ಥರ!"

ಹಳೆಯದನ್ನು ಎತ್ತಲೆಂದು ಅದರ ಹಿಂದೆ ಬಗ್ಗಿದ ಸತ್ತಾರ್ ಹಾಗೇ ನಿಂತರು. "ಯಾವ ವೈರಲ್ಲಿ ಬಂತು ಮಾರಾಯ್ರೆ?" ವಸಂತಮ್ಮನೂ ಬಗ್ಗಿ ನೋಡಿದಳು. ಮೊದಲ ಗುಡುಗಿಗೇ ಟಿವಿಯ ಪ್ಲಗ್ಗು ಕಿತ್ತು, ಡಿಶ್ಶಿನ ವೈರು ಬಿಚ್ಚಿಡುವುದನ್ನು ಈ ಸೀಮೆಯ ಮಕ್ಕಳು ಅಕ್ಷರಕ್ಕಿಂತ ಮೊದಲು ಕಲಿಯುತ್ತಾರೆ. ಧರ್ಮೇಶನಿಗೆ ಅವಳೇ ಕಲಿಸಿದ್ದಳು. ನಿನ್ನೆಯೂ ಅವನ ಕೈ ಅವನನ್ನು ಕೇಳದೆ ಆ ಕೆಲಸ ಮುಗಿಸಿತ್ತು. ಎರಡು ವೈರುಗಳೂ ಅಂದವಾಗಿ ಸುರುಳಿ ಸುತ್ತಿಕೊಂಡು ಸ್ಟ್ಯಾಂಡಿನ ಹಿಂದೆ ಮಲಗಿದ್ದವು. ವಸಂತಮ್ಮ ಮಗನ ಮುಖವನ್ನೊಮ್ಮೆ, ಡಬ್ಬವನ್ನೊಮ್ಮೆ ನೋಡಿದಳು. "ಡಬ್ಬ ಬಿಚ್ಬೇಡಿ ಸಾಹೇಬ್ರೆ. ವಾಪಸ್ ಹೋಗ್ತಾ ಈ ಹಳೇದನ್ನೂ ಹಾಕ್ಕೊಳ್ಳಿ, ಎಷ್ಟು ದಿನ ಆದ್ರೂ ಸರಿ, ರಿಪೇರಿ ಮಾಡಿ ಕೊಡಿ. ದಾರೀಲಿ ಅಲ್ಲಾಡದ ಹಾಗೆ ಇವನು ತೊಡೆ ಮೇಲೆ ಇಟ್ಕೊಂಡು ಕೂರ್ತಾನೆ."