ಬೆಳಗಿನ ಆಜಾನ್‌ನಲ್ಲಿ ಬಿಟ್ಟುಹೋದ ಸಾಲು

ಅಬ್ಬಾ ತೀರಿಕೊಂಡ ಮರುದಿನವೇ ಬೆಳಗಿನ ಆಜಾನ್ ಕೂಗುವ ಕೆಲಸ ನನ್ನ ಹೆಗಲಿಗೆ ಬಿತ್ತು. ಇಪ್ಪತ್ತೆಂಟು ವರ್ಷ ಅವರು ನಿಂತ ಜಾಗ ಅದು. ಅವರ ಕೊನೆಯ ಮಾತು ಕೇಳುವ ಭಾಗ್ಯವೂ ನನಗಿರಲಿಲ್ಲ. ನಾನು ಊರು ತಲುಪುವಷ್ಟರಲ್ಲಿ ಕಣ್ಣು ಮುಚ್ಚಿದ್ದರು.

ಮಸೀದಿಯ ಮಹಡಿ ಕೋಣೆಯ ಬೀಗ ತೆಗೆದು ಒಳಹೋದರೆ ಗೋಡೆಗಳೆಲ್ಲ ಚಳಿಗೆ ಕೊರೆಯುತ್ತಿದ್ದವು, ಮೈಕಿನ ಕಂಬಿ ಮಾತ್ರ ಯಾರೋ ಆಗಷ್ಟೇ ಕೈಬಿಟ್ಟ ಹಾಗೆ ಬೆಚ್ಚಗಿತ್ತು. ಗಡಬಡಿಸಿ ಕೂಗಿ ಮುಗಿಸಿದೆ. ಆಮೇಲೆ ನೆನಪಾಯಿತು. ಬೆಳಗಿನ ಆಜಾನ್‌ನಲ್ಲಿ ಮಾತ್ರ ಎರಡು ಸಲ ಬರುವ, ನಿದ್ದೆಗಿಂತ ನಮಾಜು ಮೇಲು ಎಂಬ ಸಾಲನ್ನೇ ಬಿಟ್ಟುಬಿಟ್ಟಿದ್ದೆ!

ತಲೆ ತಗ್ಗಿಸಿ ಕೆಳಗಿಳಿದರೆ ಎದುರಿನ ಬೇಕರಿ ಚಾಚಾ ಬಾಗಿಲಲ್ಲೇ ಸಿಕ್ಕ. ಹೊಗಳುವ ಮೊದಲು ಬೈಯುವುದು ಅವನ ಅಭ್ಯಾಸ.

"ಮೇಕೆ ಮರಿ ಥರ ಕೂಗ್ತೀಯಲ್ಲೋ! ಆದ್ರೆ ಆ ನಿದ್ದೆ ಸಾಲು ಹೇಳ್ದೆ ನೋಡು, ಎರಡು ಸಲಾನೂ ಥೇಟ್ ನಿಮ್ಮಪ್ಪನೇ. ನಡುವೆ ಆ ಕೆಮ್ಮು ಕೂಡ!"

ಮನೆಯಲ್ಲಿ ಅಮ್ಮಿ ಕಿಟಕಿ ತೆರೆದು ಅಳುತ್ತಾ ಕೂತಿದ್ದಳು. ಅವಳಿಗೂ ಕೇಳಿಸಿತ್ತು. ನನಗೊಬ್ಬನಿಗೆ ಇಲ್ಲ.

ಮರುದಿನ ಆ ಸಾಲು ಬರುವಲ್ಲಿ ಬೇಕೆಂದೇ ನಿಲ್ಲಿಸಿ, ಕಿವಿಗಿಟ್ಟ ಬೆರಳು ತೆಗೆದೆ. 'ಅಬ್ಬಾ, ನನಗೂ ಒಂದೇ ಒಂದು ಸಲ' ಎಂದು ಮನಸ್ಸಿನಲ್ಲೇ ಅಂಗಲಾಚಿದೆ. ಮೈಕಿನ ಜಾಲರಿಯ ಮೇಲೆ ಉಸಿರಿನ ಪಸೆ ಮೂಡಿ ಆರಿತು, ಮತ್ತೆ ಮೂಡಿತು. ಸದ್ದು ಮಾತ್ರ ಇಲ್ಲ. ಮಿಕ್ಕಿದ್ದನ್ನು ಹೇಗೋ ಕೂಗಿ ಮುಗಿಸಿ ಮನೆಗೆ ಬಂದೆ.

ಅಮ್ಮಿ ಬಾಗಿಲಲ್ಲೇ ಕಾದಿದ್ದಳು.

"ಯಾಕೋ ಸುಮ್ಮನಿದ್ದೆ?" ಎಂದಳು. "ಅವರು ಅಷ್ಟು ಹೊತ್ತು ನಿನ್ನ ಹೆಸರು ಹಿಡಿದು ಕರೆದ್ರಲ್ಲ, ಒಂದ್ಸಲ ಓಗೊಡಬಾರದಿತ್ತಾ?"